ಬಿಸಿಪೆಟ್ಟಿಗೆ ಕೆಟ್ಟ ಮಧ್ಯಾಹ್ನ

ಡಿಸೆಂಬರ್ ಇಪ್ಪತ್ತನಾಲ್ಕು, ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ. ಹೆರಿಗೆ ಆಸ್ಪತ್ರೆಯ ಶಿಶು ವಾರ್ಡಿನಲ್ಲಿ ಮೂರನೇ ಬಿಸಿಪೆಟ್ಟಿಗೆ, ಅಂದರೆ ಇನ್‌ಕ್ಯುಬೇಟರ್, ತಣ್ಣಗಾಗತೊಡಗಿತು. ಒಳಗಿದ್ದದ್ದು ಎರಡು ತಿಂಗಳು ಮೊದಲೇ ಹುಟ್ಟಿದ, ಒಂದೂವರೆ ಕಿಲೋ ತೂಕದ ಹೆಣ್ಣುಕೂಸು. ಉಳಿದೆರಡು ಪೆಟ್ಟಿಗೆಗಳಲ್ಲಿ ಆಗಲೇ ಇಬ್ಬಿಬ್ಬರು ಮಲಗಿದ್ದರು. ಇನ್ನೊಬ್ಬರಿಗೆ ಜಾಗವಿರಲಿಲ್ಲ.

ಉಪಕರಣ ರಿಪೇರಿಯವನು ಒಂದೇ ಉಸಿರಿಗೆ ಮೆಟ್ಟಿಲು ಹತ್ತಿ ಬಂದ. ಕೂಸನ್ನು ಟವೆಲಿನಲ್ಲಿ ಸುತ್ತಿಕೊಂಡ ಹಿರಿಯ ನರ್ಸು, ಮೈಬಿಸಿ ಸಿಗಲಿ, ಯಾರದಾದರೂ ಬರಿ ಎದೆಗೆ ಒರಗಿಸಿಬಿಡೋಣ ಎಂದಳು. ಯಂತ್ರವಿಲ್ಲದ ಕಡೆ ಮಾಡುವ ಕೆಲಸ ಅದು ಎಂದುಬಿಟ್ಟ ಅವನು. ಹತ್ತು ನಿಮಿಷ ಕೊಡಿ ಎಂದು ಕೇಳಿದ.

ಕಾಯಿಸುವ ತಂತಿಯೇ ತುಂಡಾಗಿತ್ತು. ಬದಲಿ ತಂತಿ ಇರಲಿಲ್ಲ. ತುಂಡಾದದ್ದನ್ನು ಹೆಣೆದು ಒಂದೆರಡು ದಿನ ಓಡಿಸುವುದು ಅವನ ಕಸುಬಿನಲ್ಲಿ ಮಾಮೂಲು. ಹೆಣೆದ, ತಂತಿ ಕೆಂಪಗಾಗಿ ಪಟ್ಟನೆ ಕಡಿದುಹೋಯಿತು. ಇನ್ನು ಹತ್ತು ನಿಮಿಷ ಎಂದ. ಮತ್ತೆ ಹೆಣೆದ. ಭೌತಶಾಸ್ತ್ರ ಓದಿ ದೊಡ್ಡ ಯಂತ್ರಗಳನ್ನು ಕಟ್ಟುವ ಕನಸು ಕಂಡವನು ಮೂವತ್ತು ವರ್ಷ ಸ್ಕ್ರೂ ತಿರುಗಿಸುತ್ತ ಕಳೆದಿದ್ದ. ಈ ಒಂದನ್ನಾದರೂ ಸರಿಮಾಡಿಸು, ನಾನೂ ಯಾವುದಕ್ಕೋ ಹುಟ್ಟಿದವನು ಅನ್ನಿಸಲಿ ಎಂದು ದೇವರನ್ನು ಗೋಗರೆದ. ಮೂರನೇ ಸಲವೂ ತಂತಿ ಕಡಿದುಹೋಯಿತು.

ಮೂರು ಗಂಟೆಗೆ ನರ್ಸು ಕೂಸಿನ ಕಂಕುಳಲ್ಲಿ ಥರ್ಮಾಮೀಟರ್ ಇಟ್ಟಳು. ಮೂವತ್ತಾರೂವರೆ ಡಿಗ್ರಿ ಇರಬೇಕಾದದ್ದು ಮೂವತ್ತನಾಲ್ಕು ಪಾಯಿಂಟ್ ಎರಡಕ್ಕೆ ಇಳಿದಿತ್ತು.

"ಆಗಿನಿಂದ ಅಳ್ತಿತ್ತು. ಈಗ ಅಳ್ತಿಲ್ಲ," ಎಂದಳು.

ಅವನು ಇಕ್ಕಳ ಕೆಳಗಿಟ್ಟ. ಕೂಸಿನ ತಾಯಿ ರಕ್ತಸ್ರಾವ ನಿಲ್ಲದೆ ಆಪರೇಷನ್ ಕೋಣೆಯಲ್ಲಿದ್ದಳು, ಡಾಕ್ಟರೂ ಅಲ್ಲೇ. ಲಾರಿ ಓಡಿಸುವ ತಂದೆ ಬರಲು ಎರಡು ದಿನ. ಬಾಗಿಲಾಚೆ ಬೆಂಚಿನಲ್ಲಿದ್ದ ಅಜ್ಜಿಗೆ ಜ್ವರ, ಕೆಮ್ಮು. ನರ್ಸು ಒಬ್ಬಳೇ ಉಳಿದ ನಾಲ್ಕು ಕೂಸುಗಳನ್ನು ನೋಡಬೇಕು.

"ಅಂಗಿ ಬಿಚ್ಚಿ, ಕೈ ಎದೆ ತೊಳ್ಕೊಂಡು ಕೂತ್ಕೊಳಿ ಅಣ್ಣಾ. ನಿಮ್ಮೆದೆಗೆ ತಂತಿ ಬೇಡ, ಕರೆಂಟೂ ಬೇಡ. ದೇವ್ರು ಫಿಟ್ ಮಾಡೇ ಕಳ್ಸಿದಾನೆ."

ಎಲುಬು ಎಣಿಸಬಹುದಾದ ತನ್ನ ಎದೆಗೆ ಅವನು ನಾಚಿದ. ಆದರೂ ಕೂತ. ನರ್ಸು ಕೂಸನ್ನು ಎದೆಗೆ ಒರಗಿಸಿ, ಮೇಲೆ ಕಂಬಳಿ ಸುತ್ತಿ ಕಟ್ಟಿದಳು. ಒದ್ದೆ ಕಲ್ಲು ಇಟ್ಟ ಹಾಗಿತ್ತು. ಕೂಸಿನ ಉಸಿರು ನಡುನಡುವೆ ನಿಲ್ಲುತ್ತಿತ್ತು. ಒಮ್ಮೆ ಹದಿಮೂರು ಸೆಕೆಂಡು. ನರ್ಸು ಅಂಗಾಲು ತಟ್ಟಿದ ಮೇಲೆ ಮತ್ತೆ ಬಂತು. ಅವನು ಪ್ರಾರ್ಥಿಸಲು ಹೋದ. ಕಣ್ಣೆದುರಿಗೆ ಕಳೆದುಹೋದ ಆ ಐವತ್ತು ನಿಮಿಷ ಮಾತ್ರ.

ಬಾಗಿಲ ಸಂದಿಯಿಂದ ಅಜ್ಜಿ, ಕೂಸು ಉಳಿಯುತ್ತದೆಯೇ ಎಂದು ಕೇಳಿದಳು.

"ಗೊತ್ತಿಲ್ಲಮ್ಮ. ನಾನೇ ತಡ ಮಾಡ್ದೆ. ಮೊದ್ಲೇ ಎತ್ಕೋಬೇಕಿತ್ತು. ಯಂತ್ರ ಗೆಲ್ಲೋ ಹಟ ನಂಗೆ."

ಅಜ್ಜಿ ಕೆಮ್ಮು ತಾಗದಂತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಈಗ ಎತ್ಕೊಂಡಿದೀಯಲ್ಲಪ್ಪ," ಎಂದಳು. "ಅಲ್ಲಾಡ್ಬೇಡ."

ಅಲ್ಲಾಡದೆ ಕೂರುವುದು ಅವನಿಗೆ ಬಾರದ ವಿದ್ಯೆ. ಬಿಚ್ಚಿಟ್ಟ ಯಂತ್ರ ಎದುರಿಗೇ ಇತ್ತು, ಬೆರಳು ತುಡಿಯುತ್ತಿದ್ದವು. ಪ್ರತಿ ಕ್ರಿಸ್‌ಮಸ್‌ಗೂ ಚರ್ಚಿನಲ್ಲಿ ಕಟ್ಟುವ ದನದ ಕೊಟ್ಟಿಗೆಯ ಮಾದರಿಗೆ ದೀಪದ ತಂತಿ ಎಳೆಯುವವನು ಅವನೇ. ನಕ್ಷತ್ರ ಮಿನುಗುವಂತೆ ಮಾಡಲು ಪ್ರತಿ ವರ್ಷ ತಲೆಕೆಡಿಸಿಕೊಳ್ಳುತ್ತಿದ್ದ. ಕೆಳಗೆ ಕೂಸನ್ನು ಮಲಗಿಸುವ ಗೋದಲಿಯನ್ನು ಸರಿಯಾಗಿ ನೋಡಿದ್ದೇ ಇಲ್ಲ. ದನಕ್ಕೆ ಮೇವು ಹಾಕುವ ನಾಲ್ಕು ಹಲಗೆ ಅದು. ಅದರಿಂದ ಯಾವ ದೊಡ್ಡ ಕೆಲಸವೂ ಆಗಲಿಲ್ಲ. ಎಲ್ಲೂ ಜಾಗ ಸಿಗದೆ ಬಂದ ಒಂದು ಕೂಸನ್ನು ಹಿಡಿದುಕೊಂಡಿತು, ಅಷ್ಟೇ. ದೇವರೇ ಕೂಸಾಗಿ, ಚಳಿಗೆ ನಡುಗುವ ಮೈ ಹೊತ್ತು, ಎತ್ತಿಕೊಳ್ಳಿ ಎಂದು ಕೈಚಾಚಿ ಬಂದಿದ್ದ. ತಾನು ಇಷ್ಟು ವರ್ಷ ಅವನನ್ನು ಕೇಳುತ್ತ ಬಂದದ್ದು ಮಾತ್ರ ದೊಡ್ಡ ಕೆಲಸ.

ನನ್ನಿಂದ ಏನೂ ಆಗದು, ಬಿಸಿಯಿರುವಷ್ಟು ಕೊಡುತ್ತೇನೆ ಎಂದಷ್ಟೇ ಮನಸ್ಸಿನಲ್ಲಿ ಹೇಳಿಕೊಂಡ.

ಸೊಂಟ ಸೆಟೆಯಿತು, ಕಾಲು ಜೋಮು ಹಿಡಿಯಿತು. ಐದು ಗಂಟೆಗೂ ಅಂಕಿ ಮೂವತ್ತೈದು ದಾಟಿರಲಿಲ್ಲ. ನರ್ಸು ಕಂಬಳಿ ಬಿಗಿ ಮಾಡಿ ಹೋದಳು. ಆರರ ಸುಮಾರಿಗೆ ಎದೆಯ ಮೇಲೆ ಏನೋ ಗೀಚಿದಂತಾಯಿತು. ಕೂಸಿನ ಉಗುರು. ಆಮೇಲೆ ತೆಳ್ಳನೆಯ, ಸಿಟ್ಟಿನ ಒಂದು ಅಳು. ಅವನು ಆಗಲೂ ಅಲ್ಲಾಡಲಿಲ್ಲ. ಕಣ್ಣೀರು ಗಲ್ಲದಿಂದ ಇಳಿಯಿತು, ಒರೆಸಿಕೊಳ್ಳಲು ಕೈ ಎತ್ತಲಿಲ್ಲ.

ಆರು ಗಂಟೆ ಐವತ್ತು ನಿಮಿಷಕ್ಕೆ ನರ್ಸು ಥರ್ಮಾಮೀಟರನ್ನು ದೀಪದ ಬೆಳಕಿಗೆ ಹಿಡಿದು ಎರಡು ಸಲ ನೋಡಿದಳು. ಮೂವತ್ತಾರು ಪಾಯಿಂಟ್ ನಾಲ್ಕು ಡಿಗ್ರಿ.