ಹನಿಯಕ್ಕನ ತಮ್ಮ

“ಅಕ್ಕನ ಮುಖ ಸೊಟ್ಟಗಾಗಿದೆ, ಯಾರಾದ್ರೂ ಸರಿ ಮಾಡ್ರೋ” ಎನ್ನುತ್ತ ತಮ್ಮ ಶವದ ಗದ್ದ ಹಿಡಿದು ಎಡಕ್ಕೆ ತಿರುಗಿಸುತ್ತಿದ್ದ.

ಪಕ್ಕದ ಮನೆಯಾಕೆ ಅವನ ಕೈ ಬಿಡಿಸಿದಳು. “ಸರಿಯಾಗೇ ಇದೆ ಕಣಪ್ಪಾ. ನಿದ್ದೆ ಮಾಡ್ದಂಗಿದ್ದಾಳೆ.”

“ನಂಗೆ ಕಾಣ್ತಿದೆಯಲ್ಲ! ಮೂಗು ಬಾಗಿದೆ.”

ದುಃಖಕ್ಕೆ ತಲೆ ಕೆಟ್ಟಿರಬೇಕು ಎಂದು ಹೆಂಗಸರು ಮುಖ ಮುಖ ನೋಡಿಕೊಂಡರು. ಸತ್ತವಳ ಮಗಳು ಮಾತ್ರ ಸರಸರನೆ ಬಂದು, ಅಮ್ಮ ಮಾಡುತ್ತಿದ್ದ ಹಾಗೆಯೇ, ಮಾವನ ಬಲಗಣ್ಣನ್ನು ಅಂಗೈಯಿಂದ ಮುಚ್ಚಿದಳು.

“ಈಗ ನೋಡು.”

“ಈಗ ನೆಟ್ಟಗಿದೆ.”

ಎಡಗಣ್ಣು ಮುಚ್ಚಿದಳು. “ಈಗ?”

“ಸೊಟ್ಟ. ನಡುವೆ ಏನೋ ಮಬ್ಬು ಬೇರೆ.”

ಕಿಟಕಿಯ ಹತ್ತಿರ ಕರೆದೊಯ್ದು ನಿಲ್ಲಿಸಿದಳು. ಆ ಕಣ್ಣಿಗೆ ಕಬ್ಬಿಣದ ಸರಳುಗಳೂ ಬಾಗಿ ಕಂಡವು.

“ಎಷ್ಟು ದಿನದಿಂದ ಮಾವ?”

“ಎರಡು ತಿಂಗಳಾಯ್ತೇನೋ. ನಾನು ಅರದಲ್ಲಿ ಉಜ್ಜಿ ಕೊಟ್ಟ ಕೀಲಿ ಒಂದೂ ಬೀಗಕ್ಕೆ ಕೂರ್ತಿಲ್ಲ. ಗಿರಾಕಿಗಳು ಬೈತಾರೆ. ವಯಸ್ಸಾಯ್ತು ಅಂದ್ಕೊಂಡೆ.”

*

ತೀರಿಕೊಂಡ ಅಕ್ಕ ಇಪ್ಪತ್ತಾರು ವರ್ಷ ಕಣ್ಣಾಸ್ಪತ್ರೆಯಲ್ಲಿ ಅಕ್ಷರದ ಹಲಗೆ ಓದಿಸಿದವಳು. ಪೊರೆ ತೆಗೆಸಲು ಬಂದವರಿಗೆ ಸಕ್ಕರೆ ಕಾಯಿಲೆ ಇದ್ದರೆ ಹನಿ ಹಾಕಿ, ಕಣ್ಣಿನ ಪಾಪೆ ಅಗಲವಾಗಲು ಅರ್ಧ ಗಂಟೆ ಕೂರಿಸುತ್ತಿದ್ದಳು. ಸಕ್ಕರೆ ಕಾಯಿಲೆ ಸದ್ದಿಲ್ಲದೆ ಕೆಡಿಸುವ ಕಣ್ಣಿನ ಹಿಂದಿನ ಪರದೆಯನ್ನು ಡಾಕ್ಟರು ನೋಡುವ ತನಕ ಶಸ್ತ್ರಚಿಕಿತ್ಸೆಯ ಚೀಟಿಗೆ ಸಹಿ ಹಾಕುತ್ತಿರಲಿಲ್ಲ. ಹಾಗಾಗಿ ಎಲ್ಲರಿಗೂ ಹನಿಯಕ್ಕ. “ಗಾಜು ಒರೆಸಿದ್ರೆ ಸಾಕಾ? ಒಳಗೆ ಗೋಡೆ ಕುಸೀತಿದ್ರೆ?” ಎಂದು, ಅವಸರ ಮಾಡುವ ರೋಗಿಗಳನ್ನೂ ಗದರುತ್ತಿದ್ದಳು.

ಹೊಸದಾಗಿ ಬಂದ ಮೇಲಧಿಕಾರಿಗೆ ದಿನಕ್ಕೆ ನಲವತ್ತು ಶಸ್ತ್ರಚಿಕಿತ್ಸೆ ಆಗಬೇಕಿತ್ತು. “ನಿಮ್ಮ ಹನಿಯಿಂದ ನಮ್ಮ ಸಾಲು ಬೀದಿಗೆ ಬಂತು” ಎಂದು ಆಕೆಯನ್ನು ಔಷಧಿ ಪೆಟ್ಟಿಗೆ ಜೋಡಿಸಲು ಉಗ್ರಾಣಕ್ಕೆ ಅಟ್ಟಿದರು. ಕೆಲಸ ಬಲ್ಲವಳನ್ನು ಕತ್ತಲೆಗೆ ತಳ್ಳಿದ್ದಕ್ಕೆ ನಾಚಿಕೆಯಾಗಬೇಕಿತ್ತು. ಅವರು ಆಕೆಯ ಕುರ್ಚಿಗೆ ಬೇಗ ಬೇಗ ಸಹಿ ಹಾಕುವವನೊಬ್ಬನನ್ನು ತಂದು ಕೂರಿಸಿದರು.

ಮರುತಿಂಗಳೇ ತಮ್ಮ ಬಲಗಣ್ಣಿನ ಪೊರೆ ತೆಗೆಸಿಕೊಂಡ. ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ ಅವನದು. ಸಂಜೆ ಆಕೆ ಕೇಳಿದ್ದಳು: “ಹಿಂದಿನ ಪರದೆ ನೋಡಿದ್ರೇನೋ?”

“ಎಲ್ಲಾ ನೋಡಿದ್ರಕ್ಕ” ಎಂದಿದ್ದ. ಏನೇನು ನೋಡಬೇಕೆಂದು ಅವನಿಗಾದರೂ ಏನು ಗೊತ್ತು?

ನಿನ್ನೆ ಮಧ್ಯಾಹ್ನ ಹನಿಯಕ್ಕ ಉಗ್ರಾಣದ ಕುರ್ಚಿಯಲ್ಲೇ ಕುಸಿದಿದ್ದಳು. ಎದೆನೋವು ಎಂದು ಹೇಳಲು ಹತ್ತಿರ ಯಾರೂ ಇರಲಿಲ್ಲ.

*

ಹನ್ನೆರಡು ಗಂಟೆಗೆ ಆಸ್ಪತ್ರೆಯ ವ್ಯಾನು ಬಂತು. ಮೇಲಧಿಕಾರಿ ಎರಡು ಕೈಯಲ್ಲೂ ದೊಡ್ಡ ಹಾರ ಹಿಡಿದು ಇಳಿದರು. “ಅವರು ನಮ್ಮ ಸಂಸ್ಥೆಯ ಆಸ್ತಿಯಾಗಿದ್ರಮ್ಮ.”

ಮಗಳು ಬಾಗಿಲಿಗೆ ಅಡ್ಡ ನಿಂತಳು. “ಹಾರ ಆಮೇಲೆ ಸಾರ್. ನನ್ನ ಮಾವಂಗೆ ಆಪರೇಷನ್‌ಗೆ ಮುಂಚೆ ಹಿಂದಿನ ಪರದೆ ನೋಡಿದ್ರಾ?”

“ಈಗ ಇದೆಲ್ಲಾ ಯಾಕಮ್ಮ? ಆಪರೇಷನ್ ಆದ್ಮೇಲೆ ಕೊನೇ ಸಾಲಿನವರೆಗೂ ಓದಿದ್ದಾರೆ. ದಾಖಲೆ ಇದೆ.”

ತಮ್ಮ ತಲೆ ತಗ್ಗಿಸಿದ. ಆಮೇಲೆ ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, “ಟ, ಗ, ಬ, ರ, ನ, ಪ, ದ, ಸ” ಎಂದು ಗಡಗಡ ಒಪ್ಪಿಸಿದ. ಪಕ್ಕದ ಮನೆಯಾಕೆಗೆ ನಗು ಬಂತು; ಬಾಯಿಗೆ ಸೆರಗು ಅಡ್ಡ ಹಿಡಿದಳು.

“ನನ್ನ ಮುಂದೆ ಹನ್ನೊಂದು ಜನ ಓದಿದ್ರು. ಬೆಂಚಲ್ಲಿ ಕೂತು ಕೂತು ಬಾಯಿಪಾಠ ಆಗೋಯ್ತು. ಹನಿಯಕ್ಕನ ತಮ್ಮನೇ ಫೇಲು ಅಂದ್ರೆ ಅಕ್ಕಂಗೆ ಅವಮಾನ ಅಲ್ವಾ?”

“ಅಮ್ಮ ಇದ್ದಿದ್ರೆ ಹಲಗೆ ತಿರುಗಿಸಿ ಕೇಳ್ತಿದ್ಳು!” ಮಗಳ ದನಿ ಬೀದಿಗೆ ಕೇಳಿತು. “ಅದಕ್ಕೇ ತಾನೇ ಅವಳನ್ನ ಅಲ್ಲಿಂದ ಎಬ್ಬಿಸಿದ್ದು? ಪರದೆ ಡಾಕ್ಟರು ಇವತ್ತು ಇದ್ದಾರಾ?”

“ಒಂದು ಗಂಟೆವರೆಗೆ ಇರ್ತಾರೆ. ಆಮೇಲೆ ಹದಿನೈದು ದಿನ ಬರಲ್ಲ. ಮುಂದಿನ ಸಲ...”

“ಇವತ್ತೇ. ಹತ್ತು ಮಾವ ವ್ಯಾನು.”

“ಒಡಹುಟ್ಟಿದವನು ಕಣೇ” ಎಂದಳು ಪಕ್ಕದ ಮನೆಯಾಕೆ. “ಮಣ್ಣಿಗಾದ್ರೂ ಇರಲಿ.”

“ಅಕ್ಕನ್ನ ಬಿಟ್ಟು ನಾನು ಬರಲ್ಲ” ಎಂದು ತಮ್ಮ ಹೊಸ್ತಿಲಲ್ಲೇ ಕೂತ.

“ಅಮ್ಮ ಹೋಗಾಯ್ತು ಮಾವ. ಕಣ್ಣು ಇನ್ನೂ ಹೋಗಿಲ್ಲ.”

ಅವನು ಎದ್ದು ಒಳಗೆ ಹೋದ. ತಾನೇ ಬಲಗಣ್ಣಿಗೆ ಕೈ ಅಡ್ಡ ಹಿಡಿದು ಅಕ್ಕನನ್ನು ಬಹಳ ಹೊತ್ತು ನೋಡಿದ. ಹನಿಯಕ್ಕನ ಕೈಯ ಚಹಾ ಕುಡಿದಿದ್ದ ವ್ಯಾನಿನ ಡ್ರೈವರು ಅವನ ತೋಳು ಹಿಡಿದ. “ಬನ್ನಿ ಅಣ್ಣ, ನಾನು ಡಾಕ್ಟರ ಮುಂದೆ ಕೂರಿಸೇ ಬರ್ತೀನಿ.” ಮೇಲಧಿಕಾರಿಯ ಅಪ್ಪಣೆಗೆ ಅವನು ಕಾಯಲಿಲ್ಲ. ವ್ಯಾನು ಧೂಳೆಬ್ಬಿಸಿ ಹೊರಟಿತು.

ಒಳಗಿನಿಂದ ನಾಲ್ಕು ಜನ ಹನಿಯಕ್ಕನನ್ನು ಹೊತ್ತು ತಂದರು. ಕಿರಿದಾದ ಓಣಿಯ ನಡುವೆ ಮೇಲಧಿಕಾರಿ ಹಾರ ಚಾಚಿಕೊಂಡು ನಿಂತೇ ಇದ್ದರು. ಯಾರೂ ಕೈ ನೀಡಲಿಲ್ಲ.

“ದಾರಿ ಬಿಡಿ ಸಾರ್” ಎಂದಳು ಮಗಳು.

ಅವರು ಹಾರವನ್ನು ಎದೆಗೆ ಒತ್ತಿಕೊಂಡು, ಹೊಳೆಯುವ ಬೂಟು ಹಾಕಿದ ಕಾಲನ್ನು ಚರಂಡಿಗೆ ಇಳಿಸಿದರು.