ಇಲಿವಾರದ ಫಲಿತಾಂಶ

ಅಜ್ಜಿಯ ಕಥೆಯಲ್ಲಿ ರಾಕ್ಷಸನ ಜೀವ ಏಳು ಸಮುದ್ರದಾಚೆಯ ಗಿಳಿಯೊಂದರಲ್ಲಿ ಭದ್ರವಾಗಿರುತ್ತಿತ್ತು. ನನ್ನ ಪಿಎಚ್‌ಡಿಯ ಜೀವ ಅಷ್ಟು ದೂರವೇನಿರಲಿಲ್ಲ. ಬಾಗಲಕೋಟೆಯ ವಿದ್ಯಾಗಿರಿಯಲ್ಲೇ, ಹನ್ನೆರಡು ಬಿಳಿ ಇಲಿಗಳ ಬೆನ್ನುಹುರಿ ಪಕ್ಕದ ನರಗಂಟುಗಳಲ್ಲಿತ್ತು. ನೋವು, ಬಿಸಿ, ಚಳಿಯ ಸುದ್ದಿ ಮಿದುಳಿಗೆ ಹೋಗುವುದು ಆ ಗಂಟುಗಳ ಮೂಲಕ. ಆರು ಇಲಿಗಳಲ್ಲಿ ಒಂದು ಜೀನ್ ತೆಗೆದಿತ್ತು. ಉಳಿದ ಆರು ದೇವರು ಮಾಡಿದಂತೆಯೇ ಇದ್ದವು. ಜೀನ್ ಇಲ್ಲದ ನರಗಳು ಸಕ್ಕರೆಯನ್ನು ಕಡಿಮೆ ಸುಡುತ್ತವೆಯೇ? ಉತ್ತರ ಸಿಕ್ಕರೆ ಮಾರ್ಚ್‌ನಲ್ಲಿ ಥೀಸಿಸ್. ಇಲ್ಲದಿದ್ದರೆ ಇನ್ನೂ ಒಂದು ವರ್ಷ.

ದಿನ ಗೊತ್ತುಮಾಡಿದವರು ನನ್ನ ಗೈಡ್ ಪ್ರಬುದ್ಧ ಸರ್. ಗಣೇಶ ಚೌತಿಯ ಮರುದಿನ, ಕಾಲೇಜಿನಲ್ಲಿ ಗದ್ದಲವಿಲ್ಲ. ಹಿಂದಿನ ಸಂಜೆಯಿಂದ ಎಲ್ಲ ಇಲಿಗಳನ್ನೂ ಉಪವಾಸ ಕೆಡವಿ, ಬೆಳಿಗ್ಗೆ ಕೊಯ್ದು ಅಳೆದೆವು. ಜೀನ್ ತೆಗೆದ ಆರರಲ್ಲೂ ನರಗಂಟಿನಲ್ಲಿ ಸುಡದೆ ಉಳಿದ ಸಕ್ಕರೆ ದುಪ್ಪಟ್ಟು!

"ನೋಡಿದೇನ ಜಯಶ್ರೀ? ನಾ ಹೇಳಿರ್ಲಿಲ್ಲ?"

ಸರ್ ಹೇಳಿರಲಿಲ್ಲ. ಆದರೂ ಆ ವಾರವೇ ಸಮ್ಮೇಳನಕ್ಕೆ ಪ್ರಬಂಧ ಹೋಯಿತು. ಮೊದಲ ಹೆಸರು ಅವರದು, ಎರಡನೆಯದು ಪ್ರಿನ್ಸಿಪಾಲರದು, ಮೂರನೆಯದು ಇಲಿಗಳ ಮುಖವನ್ನೇ ನೋಡದ ವಿಭಾಗ ಮುಖ್ಯಸ್ಥರದು. ನನ್ನದೂ ಇತ್ತು, ಕೊನೆಗೆ.

ಖಾಲಿ ಪಂಜರಗಳನ್ನು ತೊಳೆಯುವಾಗ, ಹಾಸಿದ್ದ ಹೊಟ್ಟಿನಲ್ಲಿ ಬೆಲ್ಲ ಅಂಟಿದ ಕಣಕದ ಚೂರು ಸಿಕ್ಕಿತು. ಜೀನ್ ತೆಗೆದ ಇಲಿಗಳಿದ್ದ ಆರು ಪಂಜರಗಳಲ್ಲಿ ಮಾತ್ರ. ಇಲಿಗಳನ್ನು ನೋಡಿಕೊಳ್ಳುವ ಗುರುಸಿದ್ದವ್ವ ಅಲ್ಲೇ ಇದ್ದರು.

"ಅಕ್ಕಾ, ಇದೇನ್ರಿ?"

"ಕಡಬು, ತಂಗಿ. ಅವತ್ತ ಇಲಿವಾರ ಇತ್ತಲ್ಲ, ಚೌತಿ ಮರುದಿನ ಗಣಪ್ಪನ ಇಲಿ ಹಬ್ಬ. ನಸುಕಿನ್ಯಾಗ ಇಟ್ಟೆ. ನಮ್ಮ ಇಳಕಲ್ಲಾಗ ಅವತ್ತ ಮಗ್ಗ ಮುಟ್ಟಂಗಿಲ್ಲ, ಕತ್ತರಿ ಹಿಡಿಯಂಗಿಲ್ಲ. ಇಲಿಗೆ ಕಡಬು ಇಡದಿದ್ರ ವರ್ಷಪೂರ್ತಿ ಸೀರಿ ಕಡೀತಾವು. ನೀವು ನೋಡಿದ್ರ ಅವತ್ತ ಕತ್ತರಿ ಹಿಡದು ಇಲೀನ ಕೊಯ್ಯಾಕ ನಿಂತ್ರಿ!"

"ಮತ್ತ ಆರಕ್ಕಷ್ಟ ಯಾಕ ಇಟ್ರಿ?"

"ಉಳದ ಆರು ನನ್ನ ಕೈಬಟ್ಟು ಕಚ್ಚಿದುವು. ಕಚ್ಚಾವಕ್ಕ ಎಂಥಾ ನೈವೇದ್ಯ?"

ಆಹಾರ ಕೊಡಬೇಡಿ ಎಂದು ನಾನು ಅಂಟಿಸಿದ ಚೀಟಿ ಪಂಜರದ ಮೇಲೆ ಇನ್ನೂ ಇತ್ತು, ಅಚ್ಚುಕಟ್ಟಾದ ಇಂಗ್ಲಿಷಿನಲ್ಲಿ.

ನಾನು ಹೋಗಿ ವಿಷಯ ಹೇಳಿದಾಗ ಸರ್ ಬಾಗಿಲು ಹಾಕಿಸಿ ಕೇಳಿದರು. "ಕಡಬು ಅಂತ ಯಾವ ಜರ್ನಲ್‌ನ್ಯಾಗ ಬರೀಲಿ? ಸುಮ್ಮಕಿರು. ಬಾಯಿ ಬಿಟ್ರ ಆಕೀ ನೌಕರಿ ಹೋಗ್ತದ, ನಿನ್ನ ಥೀಸಿಸ್ ಹೋಗ್ತದ. ನಿಮ್ಮಿಬ್ಬರ ಸಲುವಾಗಿ ಹೇಳಾಕತ್ತೀನಿ."

ದೊಡ್ಡ ಮನಸ್ಸು. ತಮ್ಮ ಹೆಸರಿನ ಮಾತನ್ನೇ ಎತ್ತಲಿಲ್ಲ.

ಎರಡು ದಿನ ನಾನೂ ಸುಮ್ಮನಿದ್ದು ನೋಡಿದೆ. ಮಾರ್ಚ್ ತಿಂಗಳು ಬಲು ಚೆಲುವಾಗಿ ಕಾಣುತ್ತಿತ್ತು. ಮೂರನೆಯ ದಿನ ಸಮ್ಮೇಳನದವರಿಗೆ ಮೇಲ್ ಬರೆದೆ: ಉಪವಾಸ ಮುರಿದಿದೆ, ಕೆಲಸದವರಿಗೆ ತಿಳಿಯುವ ಭಾಷೆಯಲ್ಲಿ ನಾನು ಹೇಳಿರಲಿಲ್ಲ, ತಪ್ಪು ನನ್ನದು, ಪ್ರಬಂಧ ಹಿಂತೆಗೆದುಕೊಳ್ಳಿ.

"ಕಳಿಸಿಬಿಟ್ಟೇನು?" ಸರ್ ಕೇಳಿದರು.

"ಕಳಿಸೀನ್ರಿ ಸರ್."

ಅವರು ಕೂಡಲೇ ಪ್ರಿನ್ಸಿಪಾಲರಿಗೆ ಫೋನು ಹಚ್ಚಿದರು.

"ನಮಸ್ಕಾರ್ರೀ ಸರ್. ನಮ್ಮ ಹುಡಿಗೀದು ಒಂದು ತಪ್ಪು ನನ್ನ ಕಣ್ಣಿಗೆ ಬಿತ್ತು. ಆಕೀ ಬ್ಯಾಡ ಅಂದ್ಲು, ನಾನ ಬಿಡಲಿಲ್ಲ, ಹಿಂದಕ್ಕ ತಗೋ ಅಂದೆ. ಸೈನ್ಸ್ ಅಂದಮ್ಯಾಲ ಪ್ರಾಮಾಣಿಕತೆ ಬೇಕಲ್ರಿ!"

ಆ ಕಡೆಯಿಂದ ಮೆಚ್ಚುಗೆ ಬಂದಿರಬೇಕು. ಸರ್ ಕೂತಲ್ಲೇ ತಲೆಬಾಗಿದರು. ನಾನು ಹೊಸ ಹನ್ನೆರಡು ಇಲಿಗಳಿಗೆ ಅರ್ಜಿ ಬರೆಯಲು ಕೂತೆ.