ಉಳಿದಸುದ್ದಿಗೆ ಪಾಟೀಸವಾಲು

ಮಗಳನ್ನು ಕೇಳಿಕೊಂಡು ಬಂದ ರಂಜನ್ ಏನು ಕೆಲಸ ಮಾಡುತ್ತಾನೆಂದು ವಿಚಾರಿಸಿದಾಗ ಕೃಷ್ಣಾನಂದರಿಗೆ ಸಿಕ್ಕ ಉತ್ತರ: ಪರ್ಯಾಯ ಸುದ್ದಿತಾಣ. ತಿರುವನಂತಪುರದ ಸೆಕ್ರೆಟೇರಿಯಟ್ಟಿನ ಕಾನೂನು ಇಲಾಖೆಯಲ್ಲಿ ತಲೆ ಬೆಳ್ಳಗಾಗಿಸಿಕೊಂಡಿದ್ದ ಈ ಕಾಸರಗೋಡಿನವರಿಗೆ ಆ ಮಾತೇ ಅನುಮಾನ ತಂದಿತು. ಅಸಲು ಸಿಗದಿದ್ದಾಗ ತಾನೇ ಪರ್ಯಾಯ ಬೇಕಾಗುವುದು? ಆದರೂ ನ್ಯಾಯವಂತ ಮನುಷ್ಯ. ತಾಣವನ್ನು ಪರೀಕ್ಷಿಸುತ್ತೇನೆ, ಅದು ನಂಬಲರ್ಹವಾದರೆ ಹುಡುಗನೂ ಅರ್ಹ, ಅಲ್ಲಿಯವರೆಗೆ ವಿಷಯ ಈ ಮನೆಯ ಹೊಸ್ತಿಲು ದಾಟಕೂಡದು ಎಂದು ಹೆಂಡತಿ ಸುಶೀಲಳಿಗೂ ಮಗಳು ನಂದಿತಾಳಿಗೂ ಅಪ್ಪಣೆ ಕೊಡಿಸಿದರು. ನಂದಿತಾ ಅಳಲಿಲ್ಲ, ಊಟ ಬಿಡಲಿಲ್ಲ. ಅಪ್ಪ ವಾರಕ್ಕೊಮ್ಮೆ ಬರುವ, ಎರ್ನಾಕುಲಂ ಪಕ್ಕದ ತ್ರಿಪ್ಪುಣಿತ್ತುರದ ಮನೆಗೆ ಆಗಷ್ಟೇ ಬಂದಿದ್ದ ಬ್ರಾಡ್‌ಬ್ಯಾಂಡ್ ಹಾಕಿಕೊಟ್ಟು ಪಕ್ಕದಲ್ಲಿ ನಿಂತಳು.

ಉಳಿದಸುದ್ದಿ ಡಾಟ್ ಕಾಮ್. ಪತ್ರಿಕೆಗಳು ಬಿಟ್ಟದ್ದನ್ನು ಬರೆಯುವುದು ಅದರ ಹೆಗ್ಗಳಿಕೆ. ಸಾಕ್ಷಿಯನ್ನು ಅಳೆಯುವ ದಾರಿ ಕೃಷ್ಣಾನಂದರಿಗೆ ಗೊತ್ತಿತ್ತು. ನಮ್ಮ ಕಣ್ಣೆದುರೇ ನಡೆದದ್ದರ ಬಗ್ಗೆ ಅವನೇನು ಹೇಳುತ್ತಾನೆ ನೋಡಬೇಕು. ಅದೃಷ್ಟಕ್ಕೆ, ಕನ್ನಡದವರೆಲ್ಲ ಸೇರಿ ಎರ್ನಾಕುಲಂನಲ್ಲಿ ಮಾಡಿದ ರಾಜ್ಯೋತ್ಸವದ ವರದಿಯೇ ಸಿಕ್ಕಿತು. ಅಲ್ಲಿ ಮುಖ್ಯ ಭಾಷಣ ಬಿಗಿದವರು ಸಾಕ್ಷಾತ್ ಕೃಷ್ಣಾನಂದರು. ಕುರ್ಚಿ ಎಳೆದುಕೊಂಡು ಓದಿದರು: “ಭಾಷಣ ಅರ್ಧಕ್ಕೆ ಬರುವಷ್ಟರಲ್ಲಿ ಸಭೆಯ ಅರ್ಧ ಮಂದಿ ಊಟದ ಎಲೆಯ ಮುಂದಿದ್ದರು.”

ಶುದ್ಧ ಸುಳ್ಳು. ಆವತ್ತು ಒಬ್ಬರೂ ಕೆಮ್ಮಿರಲಿಲ್ಲ, ಕೊನೆಗೆ ಚಪ್ಪಾಳೆಯೂ ಬಿದ್ದಿತ್ತು.

ಸೋಮವಾರ ಎಂದಿನಂತೆ ತಿರುವನಂತಪುರದ ತಂಪಾನೂರಿನಲ್ಲಿ ರೈಲಿಳಿದವರು ಆಫೀಸಿನ ದಾರಿ ಬಿಟ್ಟು ಹಿಂದಿನ ಗಲ್ಲಿಯ ಲಾಡ್ಜೊಂದರ ಮಾಳಿಗೆ ಹತ್ತಿದರು. ಸುದ್ದಿತಾಣವೆಂದರೆ ಒಂದು ಕೋಣೆ, ಒಂದು ಕಂಪ್ಯೂಟರು, ಒಣಗಲು ಹಾಕಿದ ಮುಂಡು ಪಂಚೆ. ಸಂಪಾದಕ, ವರದಿಗಾರ, ಕಸ ಗುಡಿಸುವವ ಎಲ್ಲ ರಂಜನನೇ. ಗಾಬರಿಯಲ್ಲಿ ಅವನು ಮುಂಡನ್ನು ಎಳೆದು ಕಂಪ್ಯೂಟರಿಗೆ ಹೊದಿಸಿದ.

ಕೃಷ್ಣಾನಂದರು ನಿಂತಲ್ಲೇ ಪಾಟೀಸವಾಲು ಶುರುಮಾಡಿದರು. ತಲೆ ಎಣಿಸಿದವರು ಯಾರು, ಎಲ್ಲಿ ಕೂತು ನೋಡಿದ್ದು, ಬೇರೆಯವರನ್ನು ಕೇಳಿ ಖಚಿತ ಮಾಡಿಕೊಂಡಿದ್ದಾನೋ. ಆಮೇಲೆ ಅವರು ಬೆರಳೆತ್ತಿದರು.

“ನಿನಗೆ ನನ್ನ ಮಗಳು ಬೇಕು. ಅದನ್ನು ಎಲ್ಲಿಯಾದರೂ ಬರೆದದ್ದುಂಟಾ? ಬರೆಯುವವನಿಗೆ ಎಂತ ಸಂಬಂಧ ಅಂತ ಓದುವವನಿಗೆ ಗೊತ್ತಾಗಬೇಡವಾ? ಸರಿಯಾಗಿ ವಿಚಾರಿಸು, ತಿದ್ದುಪಡಿ ಹಾಕು.”

“ನೀವು ಹೇಳಿದ್ದು ಹೌದು ಸರ್” ಎಂದ ರಂಜನ್, ನಿಜಕ್ಕೂ ನಾಚಿಕೊಂಡು.

ಶನಿವಾರ ಗೆದ್ದ ಖುಷಿಯಲ್ಲಿ ಮನೆಗೆ ಬಂದ ಕೃಷ್ಣಾನಂದರು ಎಲ್ಲರನ್ನೂ ಕರೆದು ಕೂರಿಸಿ ಗಟ್ಟಿಯಾಗಿ ಓದಿದರು.

“ತಿದ್ದುಪಡಿ: ಸಭೆಯ ಅರ್ಧ ಮಂದಿ ಎದ್ದುಹೋದರೆಂದು ಬರೆದದ್ದು ತಪ್ಪು. ಉಳಿದವರು ಭಾಷಣಕಾರರ ಪತ್ನಿ ಮತ್ತು ಮೈಕಿನವರು ಮಾತ್ರವೆಂದು ವಿಚಾರಣೆಯಿಂದ ತಿಳಿದಿದೆ. ಚಪ್ಪಾಳೆ ಊಟ ಮುಗಿಸಿ ಬಂದವರದು. ವರದಿಗಾರನು ಭಾಷಣಕಾರರ ಮಗಳನ್ನು ಮದುವೆಯಾಗಲು ಬಯಸಿದ್ದಾನೆ. ಓದುಗರು ಇದನ್ನು ಗಮನದಲ್ಲಿಟ್ಟು ಓದಬೇಕು.”

ಕೊನೆಯ ಸಾಲುಗಳಿಗೆ ಬರುವಾಗ ಸ್ವರ ಪೂರ್ತಿ ಇಳಿದಿತ್ತು. ಹೌದಾ ಎಂಬಂತೆ ಅವರು ಸುಶೀಲಳನ್ನು ನೋಡಿದರು.

“ನೀವು ಓದುವ ಕನ್ನಡಕ ಹಾಕಿದ್ದಿರಿ. ದೂರದ್ದು ನಿಮಗೆ ಕಾಣುವುದಿಲ್ಲವಲ್ಲ, ಬೇಜಾರು ಮಾಡುವುದು ಬೇಡ ಅಂತ ನಾನು ಹೇಳಲಿಲ್ಲ” ಎಂದಳು ಸುಶೀಲ.

ನಂದಿತಾ, ಪಾಯಸ ಮುಗಿಯುತ್ತದೆಂದು ಯಾರೋ ಹೇಳಿದರು, ಅದಕ್ಕೇ ಎದ್ದುಹೋದೆ ಎಂದು ಮಲಯಾಳದಲ್ಲಿ ಗೊಣಗಿದಳು. ಕೃಷ್ಣಾನಂದರಿಗೆ ಅವಮಾನವಾಯಿತು. ಮನೆಯವರೇ ಪ್ರೀತಿಯಿಂದ ಮುಚ್ಚಿಟ್ಟದ್ದನ್ನು ಆ ಲಾಡ್ಜಿನ ಹುಡುಗ ಹೇಳಬೇಕಾಯಿತಲ್ಲ!

ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಬ್ಯಾಂಕಿನ ಜಯಣ್ಣ, ಮೈಸೂರಿನವರು, ರಾಜ್ಯೋತ್ಸವದ ಉಸ್ತುವಾರಿ ಹೊತ್ತವರು.

“ಸಾರ್, ಉಳಿದಸುದ್ದಿ ನೋಡ್ದೆ. ಮದ್ವೆ ವಿಷ್ಯ ನಿಜಾನಾ, ಇಲ್ಲ ಆ ಹುಡುಗ ಸುಮ್ನೆ ಬರ್ಕೊಂಡಿದಾನಾ?”

ಸುಳ್ಳು ಎಂದುಬಿಟ್ಟರೆ ಸಾಕಿತ್ತು. ಮದುವೆಯೊಂದಿಗೆ ಭಾಷಣದ ಸುದ್ದಿಯೂ ಮಣ್ಣುಗೂಡುತ್ತಿತ್ತು, ಮರ್ಯಾದೆ ವಾಪಸು ಬರುತ್ತಿತ್ತು. ಕೃಷ್ಣಾನಂದರು ಮಗಳ ಮುಖ ನೋಡಿದರು. ಅವಳ ಕಣ್ಣು ತುಂಬಿತ್ತು. ತನ್ನ ಮದುವೆಗೇ ಕಲ್ಲು ಬೀಳುತ್ತದೆಂದು ಗೊತ್ತಿದ್ದೂ ಕಂಡದ್ದನ್ನೇ ಹೇಳುವ ರಂಜನನಂಥ ಸಾಕ್ಷಿಯನ್ನು ಯಾವ ಕೋರ್ಟು ತಾನೇ ತಳ್ಳಿಹಾಕುತ್ತದೆ?

“ಅದರಲ್ಲಿ ಬಂದದ್ದು ಸರಿಯೇ ಜಯಣ್ಣ.”

“ಎಲ್ಲಾನಾ ಸಾರ್? ಭಾಷಣದ್ದೂ?”

“ಭಾಷಣದ್ದೂ.”

ಆಮೇಲೆ ಜಯಣ್ಣ ಬಹಳ ವಿನಯದಿಂದ, ಹಾಗಿದ್ದರೆ ಮದುವೆಯಲ್ಲಿ ಊಟ ಮೊದಲೋ ಭಾಷಣ ಮೊದಲೋ ಎಂದು ಕೇಳಿದರು.

“ಊಟ ಮಾತ್ರ ಉಂಟು” ಎಂದು ಕೃಷ್ಣಾನಂದರು ಫೋನ್ ಇಟ್ಟರು.